ಅರ್ಧ ದಿನ

ಗೋಣಿಕೊಪ್ಪಲಿನಲ್ಲಿ, ಬಸ್‌ಸ್ಟ್ಯಾಂಡಿನ ಹಿಂದೆ,
ಟೈಲರ್ ಅಂಗಡಿಯ ಮೇಲೆ ನಮ್ಮ ಸಂಘದ ಕೋಣೆ.
ಒಣಗಿದ ಇಂಕ್‌ಪ್ಯಾಡಿಗೆ ಎರಡು ಹನಿ ನೀರು ಚಿಮುಕಿಸಿ
ಮೊಹರು ಒತ್ತುವುದು ನನ್ನ ಕೆಲಸ.
ಕೆಳಗೆ ಹೊಲಿಗೆ ಯಂತ್ರ ಓಡಿದಾಗ
ಮೇಲೆ ಅಕ್ಷರ ನಡುಗುತ್ತವೆ.

ಹಿಂದೆ ನಾನು ಬಿಳಿಬಾಣೆ ಎಸ್ಟೇಟಿನ ರೈಟರು,
ಇಪ್ಪತ್ತೆರಡು ವರ್ಷ ಚೆಕ್‌ರೋಲ್ ಬರೆದವನು.
ಹೆಸರು ಕೇಳಲು ಪುರುಸೊತ್ತಿರಲಿಲ್ಲ ಅನ್ನುವುದು ಸುಳ್ಳು;
ಮಂಜು ಕರಗುವ ತನಕ ಸಾಲಾಗಿ ನಿಂತೇ ಇರುತ್ತಿದ್ದರು.
ಆದರೂ ಬರೆದದ್ದು ಎರವತಿ ಒಂದು, ಎರವತಿ ಎರಡು,
ಹೀಗೆ ಹದಿನಾರರ ತನಕ.
ಆನೆ ದಾರಿ ಕಟ್ಟಿ ತಡವಾದರೆ ಅರ್ಧ ದಿನ.
ಮಗುವಿಗೆ ಹಾಲೂಡಿಸಲು ಲೈನಿಗೆ ಹೋಗಿಬಂದರೆ ಅರ್ಧ ದಿನ.
ನನಗೆ ತಲೆನೋವಿದ್ದರೂ
ಅವರಿಗೆ ಅರ್ಧ ದಿನ.
ಬಟವಾಡೆಯ ಸಂಜೆ ಯಾರೂ ಎಣಿಸುತ್ತಿರಲಿಲ್ಲ.
ನಾನು ಎಣಿಸುತ್ತಿದ್ದೆ.

ಸಂಘಕ್ಕೆ ಬಂದದ್ದು ಪಶ್ಚಾತ್ತಾಪದಿಂದಲ್ಲ.
ತೋಟ ಮಾರಿಹೋಯಿತು, ಹೊಸ ಧಣಿ ಕಂಪ್ಯೂಟರ್ ತಂದ.
ಖಜಾಂಚಿ ಸೆಲೀನಾ ಸಿಸ್ಟರ್‌ಗೆ
ನೆಟ್ಟಗೆ ಗೆರೆ ಹೊಡೆಯುವ ಒಬ್ಬ ಬೇಕಿತ್ತು.
ಅಷ್ಟೆ.

ಈ ಸಲ ಬೊಳ್ಳಿಯ ಅರ್ಜಿ:
ಮೂರು ಸೆಂಟು ಜಾಗ,
ಸತ್ತರೆ ಹೂಳಲು ಯಾರ ಅಪ್ಪಣೆಯೂ ಬೇಡದ ಒಂದು ಮೂಲೆ.
ಪೊನ್ನಂಪೇಟೆಯ ಕಚೇರಿಯಲ್ಲಿ ಗುಮಾಸ್ತ ಕೇಳಿದ,
ವಾಸದ ದಾಖಲೆ ಎಲ್ಲಿ?
ಲೈನ್ ಮನೆಗೆ ಬಾಗಿಲ ನಂಬರಿಲ್ಲ,
ಬಾಗಿಲೇ ಒಂದು ಗೋಣಿಚೀಲ.
ಕರೆಂಟು ಧಣಿಯ ಹೆಸರಲ್ಲಿ, ನೀರು ಹಳ್ಳದ ಹೆಸರಲ್ಲಿ.
ಅವಳನ್ನು ಹೆರಿಸಿದ ಸೂಲಗಿತ್ತಿ
ಬೇಲಿಯಾಚೆ ಎಲ್ಲೋ ಗುರುತಿಲ್ಲದೆ ಮಲಗಿದ್ದಾಳೆ.
"ನಾನು ನೆಟ್ಟ ಸಿಲ್ವರ್ ಓಕ್ ಇದೆ," ಅಂದಳು ಬೊಳ್ಳಿ,
"ಬಂದು ತಬ್ಬಿ ನೋಡಲಿ, ಇವರ ತೋಳು ಸಾಲದು."
ಗುಮಾಸ್ತ ನಕ್ಕ. ಕೆಟ್ಟವನೇನಲ್ಲ,
ನಮೂನೆಯಲ್ಲಿ ಮರಕ್ಕೆ ಕಾಲಂ ಇರಲಿಲ್ಲ.

ಅಂದು ರಾತ್ರಿ ಅಟ್ಟದ ಟ್ರಂಕು ಇಳಿಸಿದೆ.
ಒಳಗೆ ಹಳೆಯ ಚೆಕ್‌ರೋಲುಗಳು,
ಯಾರಾದರೂ ಕೇಸು ಹಾಕಿದರೆ ನನ್ನನ್ನು ಉಳಿಸಲೆಂದು
ಕದ್ದು ತಂದಿಟ್ಟವು.
ಎರವತಿ ಏಳು. ಲೈನು ಎರಡು.
ತಿಂಗಳು ತಿಂಗಳೂ ನನ್ನ ದುಂಡು ಅಕ್ಷರ,
ಪಕ್ಕದಲ್ಲಿ ಅವಳ ಹೆಬ್ಬೆಟ್ಟು,
ಅಂಚಿನಲ್ಲಿ ಕೆಂಪು ಶಾಯಿಯ ಅರ್ಧಗಳು.
ಇದನ್ನು ತೋರಿಸಿದರೆ ಅವಳು ಇದ್ದದ್ದು ಸಾಬೀತು,
ನಾನು ಕದ್ದದ್ದೂ.

ಬೆಳಿಗ್ಗೆ ಮೊಯ್ದುವಿನ ಆಟೋದಲ್ಲಿ
ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.
ತಿರುವು ತಿರುವಿಗೂ ಅದರೊಳಗೆ ಏನೋ ಮಗ್ಗುಲು ಬದಲಿಸುತ್ತಿತ್ತು.

ಸಭೆಯಲ್ಲಿ ಹದಿನೇಳು ಜನ.
ಎಲ್ಲ ಓದಿ ಹೇಳಿದೆ. ಯಾರೂ ಬೈಯಲಿಲ್ಲ;
ಬೈದಿದ್ದರೆ ಸುಲಭವಿತ್ತು.
ಅಧ್ಯಕ್ಷ ಚುಬ್ರ ಬೀಡಿ ಆರಿಸಿ, "ಒಟ್ಟು ಎಷ್ಟು?" ಅಂದ.
ಬೊಳ್ಳಿಯದೊಂದೇ ನಾನೂರ ಹನ್ನೊಂದು ಅರ್ಧ.
"ಇನ್ನೂರ ಐದೂವರೆ ದಿನ," ಅಂದರು ಸಿಸ್ಟರ್, ಪೆನ್ಸಿಲ್ ಎತ್ತದೆ.
ರಾಜೀನಾಮೆ ಪತ್ರ ಮುಂದಿಟ್ಟೆ.
ಬೊಳ್ಳಿ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ
ನಾಲ್ಕಾಗಿ ಮಡಚಿ ಎಲೆಯಡಿಕೆ ಸಂಚಿಗೆ ಸೇರಿಸಿದಳು.
"ಅಷ್ಟು ದಿನ ನಮ್ಮದು ಬರೆದು ಆಮೇಲೆ ಹೋಗಿ, ರೈಟರೇ.
ಹಾಜರಿ ನಾನು ಹಾಕ್ತೀನಿ.
ಮೊದಲು ಆ ಏಳನ್ನು ಹೊಡೆದು ಹೆಸರು ಬರೀರಿ."

ಅರ್ಜಿ ಇನ್ನೂ ಮೇಜಿನಿಂದ ಮೇಜಿಗೆ ನಡೆಯುತ್ತಿದೆ.
ಚೆಕ್‌ರೋಲಿನ ಮೂಲಪ್ರತಿ ಬೇಕಂತೆ,
ಹೊಸ ಧಣಿಯ ಸಹಿ ಬೇಕಂತೆ.
ಸಂಘದಲ್ಲಿ ಎರಡು ಬಣವಾಗಿ, ಜಗಳವಾಗಿ,
ಒಂದೇ ಕೆಟಲಿನ ಚಹಾ ಕುಡಿದಿದ್ದೇವೆ.

ಭಾನುವಾರ ಸಂತೆಗೆ ಬಂದಾಗಲೆಲ್ಲ ಬೊಳ್ಳಿ ಮೆಟ್ಟಿಲು ಹತ್ತಿ
ಟೈಲರನ್ನು ಕೇಳಿ ತಿಳಿದ ಲೆಕ್ಕದಂತೆ
ಗೋಡೆಗೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಾಳೆ,
ದಿನಕ್ಕೊಂದು.
ಮೊನ್ನೆ ಬುಧವಾರ ಬಸ್ಸು ತಪ್ಪಿ ಹನ್ನೊಂದಕ್ಕೆ ಬಂದಿದ್ದೆ.
ಆ ಗೆರೆಯನ್ನು ನಡುವಿಗೇ ನಿಲ್ಲಿಸಿದಳು,
ನನ್ನತ್ತ ತಿರುಗಿಯೂ ನೋಡದೆ
ಕೈ ಝಾಡಿಸಿ ಇಳಿದು ಹೋದಳು,
ಒಣಮೀನು ಮುಗಿದುಹೋಗುತ್ತದೆಂದು.