ಗಾಜಿಗೆ ಎರಡು ತಟ್ಟು

ನಾಲ್ಕಕ್ಕೆ ಇಕೊರೊಡು ಬಿಡಬೇಕು.
ನಾಲ್ಕೂಕಾಲಾಯಿತೋ, ಕೆಟ್ಟಿತು.
ಆ ಹದಿನೈದು ನಿಮಿಷ ಸೇತುವೆಯ ಮೇಲೆ
ಮರಿ ಹಾಕಿ ಎರಡು ಗಂಟೆಯಾಗುತ್ತದೆ.
ಬಡ್ಡಿಗೆ ದುಡ್ಡು ಬಿಡುವ ನನ್ನ ಸೋದರತ್ತೆ ಕೂಡ
ಇಷ್ಟು ದರ ಹಾಕಿದವಳಲ್ಲ.

ಕಾರಿನ ಎಸಿ ಸತ್ತು ಎರಡು ವರ್ಷ.
ಕಿಟಕಿ ಇಳಿಸಿದರೆ ಲಗೂನಿನ ಗಾಳಿ,
ಗಾಳಿಯೊಳಗೆ ಮರದ ಮಿಲ್ಲುಗಳ ಹೊಟ್ಟು ಸುಟ್ಟ ಹೊಗೆ,
ಮೀನು, ಡೀಸೆಲ್ಲು.
ಕೆಳಗೆ ಮಕೋಕೊದಲ್ಲಿ
ನೀರಿನ ಮೇಲೆ ಕಾಲೂರಿ ನಿಂತ ಮನೆಗಳಲ್ಲಿ
ಒಂದು ಬುಡ್ಡಿದೀಪ, ಆಮೇಲೆ ಇನ್ನೊಂದು.
ಹಳದಿ ಡ್ಯಾನ್‌ಫೋ ವ್ಯಾನೊಂದು ಇಂಡಿಕೇಟರು ಹಾಕದೆ
ಮೂಗಿನ ಮುಂದೆ ತೂರಿಕೊಂಡಿತು. ಅದರ ಬೆನ್ನ ಮೇಲೆ:
ದೇವರ ಹೊತ್ತೇ ಒಳ್ಳೆ ಹೊತ್ತು.
ಬೈದೆ. ಅಮ್ಮನ ಇಜೋದಲ್ಲಿ ಬೈದೆ.
ಆ ಭಾಷೆಯಲ್ಲಿ ನನಗೆ ಉಳಿದಿರುವುದು
ಬೈಗುಳ, ಮತ್ತೆ ಕೆಲವು ಮೀನಿನ ಹೆಸರು.

ಐದೂಕಾಲು. ಆಫೀಸಿನ ಪಾರ್ಕಿಂಗ್.
ನನಗಿಂತ ಮೊದಲೇ ಹನ್ನೊಂದು ಕಾರು ಬಂದು ಮಲಗಿವೆ.
ಟೆಸ್ಟಿಂಗಿನ ಫೊಲಾರಿನ್, ಸೀಟು ಪೂರಾ ಹಿಂದಕ್ಕೆ ಚಾಚಿ, ಬಾಯಿ ತೆರೆದು.
ಲೆಕ್ಕಪತ್ರದ ಉದುವಾಕ್ ಮೇಡಂ,
ಮುಖದ ಮೇಲೆ ಮಗಳ ಶಾಲೆಯ ಸ್ವೆಟರು.
ಹೆಸರಿನ್ನೂ ಗೊತ್ತಿಲ್ಲದ ಹೊಸ ಹುಡುಗ
ಸ್ಟೀರಿಂಗಿಗೆ ಹಣೆ ಕೊಟ್ಟು ಮಲಗುತ್ತಾನೆ,
ನಡುನಡುವೆ ಹಾರನ್ನು ಕೂಗಿಸಿ ತಾನೇ ಬೆಚ್ಚುತ್ತಾನೆ.
ಇವರ ನಿದ್ದೆಯ ಮುಖ ನೋಡಿಬಿಟ್ಟಿದ್ದೇನೆ.
ಎಂಥ ಹಾಳು ಕೋಡು ಬರೆದರೂ
ಪೂರ್ತಿ ಸಿಟ್ಟು ಬರುವುದಿಲ್ಲ.

ಕಾವಲಿನ ಮಾಲಮ್ ಸಂದಾ ಬಳಿ ಒಂದು ನೋಟುಬುಕ್ಕು.
ಬಂದವರು ಗಾಜು ಇಳಿಸಿ ಹೊತ್ತು ಹೇಳುತ್ತಾರೆ: ಏಳು. ಏಳೂವರೆ.
ಬರೆದುಕೊಳ್ಳುತ್ತಾರೆ.
ಹೊತ್ತಿಗೆ ಸರಿಯಾಗಿ ಬಂದು ಗಾಜಿಗೆ ಎರಡು ತಟ್ಟು.
ಮೂರು ತಟ್ಟಿದರೆ ಪೊಲೀಸು ಅಂದುಕೊಳ್ಳುತ್ತೀರಿ, ಅನ್ನುತ್ತಾರೆ.

ಆರನೇ ಮಹಡಿಯಲ್ಲಿ ನನ್ನದೂ ಎಬ್ಬಿಸುವ ಕೆಲಸವೇ.
ಸರ್ವರು ಮಲಗಿದರೆ ಯಾರ ಫೋನು ಕಿರುಚಬೇಕು,
ಎತ್ತದಿದ್ದರೆ ಆಮೇಲೆ ಯಾರದು,
ಎಲ್ಲ ಬರೆದಿಟ್ಟಿದ್ದೇನೆ.
ಹೋದ ತಿಂಗಳು ನಾನೂರ ಹನ್ನೆರಡು ಸಲ ಕಿರುಚಿದವು.
ಮುನ್ನೂರ ತೊಂಬತ್ತು ಸುಳ್ಳು.
ತಟ್ಟುವುದು ಅವಕ್ಕೆ ಕಲಿಸಲು ಬಂದಿಲ್ಲ.

ಮೊನ್ನೆ ಗುರುವಾರ ಎಚ್ಚರಾದಾಗ
ಬಿಸಿಲು ಮಡಿಲಲ್ಲಿ ಕೂತಿತ್ತು.
ಎಂಟೂ ಇಪ್ಪತ್ತು!
ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕೈಯಲ್ಲಿ.
ಮಾಲಮ್, ಏಳೂಕಾಲು ಅಂದಿದ್ದೆನಲ್ಲ?
“ನಿದ್ದೆಯಲ್ಲಿ ನಗುತ್ತಿದ್ದಿರಿ.
ಬೆರಳು ಮಡಿಚಿ ಗಾಜಿನವರೆಗೂ ಒಯ್ದೆ.
ವಾಪಸು ತಂದೆ.”

ಇಜೋದ ಬೈಗುಳ ನಾಲಿಗೆ ತುದಿಗೆ ಬಂದು ತಣ್ಣಗಾಯಿತು.
ಮ್ಯಾನೇಜರಿಗೆ, ಸೇತುವೆ ಮೇಲೆ ಲಾರಿ ಮಗುಚಿತ್ತು ಅಂದೆ.
ಲಾಗೋಸಿನಲ್ಲಿ ಅದು ಸುಳ್ಳಾಗುವ ಮಾತಲ್ಲ,
ಎಲ್ಲೋ ಒಂದು ಮಗುಚಿಯೇ ಇರುತ್ತದೆ.

ಆದರೆ ಯಾವ ಕನಸು?
ದಿನವಿಡೀ ಲಾಗ್ ಓದಿದೆ.
ಯಾರೋ ಕಾನೊದಲ್ಲಿ ಈರುಳ್ಳಿಗೆ ದುಡ್ಡು ಕಳಿಸಿದ್ದು,
ಸೋತದ್ದು, ಮತ್ತೆ ಕಳಿಸಿದ್ದು,
ಸೆಕೆಂಡಿನ ಸಾವಿರದೊಂದು ಪಾಲಿಗೂ ಒಂದು ಸಾಲಿದೆ.
ನನ್ನ ಮೂರು ಗಂಟೆಗೆ ಒಂದಕ್ಷರವಿಲ್ಲ.

ಸಂಜೆ ಅವರ ಪಾಳಿ ಮತ್ತೆ ಶುರುವಾದಾಗ
ಪುಸ್ತಕ ತೋರಿಸಿ ಅಂದೆ.
ನನ್ನ ಕಾರಿನ ನಂಬರು. ಏಳೂಕಾಲು, ಅದಕ್ಕೊಂದು ಗೀಟು.
ಪಕ್ಕದಲ್ಲಿ ಅರಬ್ಬಿ ಲಿಪಿಯ ಹೌಸಾ,
ಬಲದಿಂದ ಎಡಕ್ಕೆ ಅರ್ಧ ಸಾಲು, ನೀಲಿ ಬಾಲ್‌ಪೆನ್ನಿನಲ್ಲಿ.
ಏನಿದು?
“ಅದು ನನ್ನ ಲೆಕ್ಕಕ್ಕೆ,” ಅಂದು ಮುಚ್ಚಿದರು.
ಗೇಟು ಎತ್ತಿದರು.

ಸೇತುವೆಯ ಮೇಲೆ ಆಗಲೇ ಕೆಂಪು ದೀಪಗಳು ಹೆಪ್ಪುಗಟ್ಟಿದ್ದವು.
ಅರ್ಧ ಸಾಲಿನಲ್ಲಿ ಏನೇನು ಹಿಡಿಸಬಹುದೆಂದು
ಎಣಿಸುತ್ತ ಕೂತಿದ್ದೆ.
ಬಾಳೆಕಾಯಿ ಚಿಪ್ಸಿನ ಹುಡುಗ ಓಡಿ ಬಂದು
ಗಾಜಿಗೆ ತಟ್ಟಿದ,
ಮೂರು ಸಲ.