ಯಾವುದು ತಗೊಂಡರೂ ನಲವತ್ತೊಂಬತ್ತು

ಬೆಳಗಿಡೀ ಬಂಗಡೆ ಬೆಲೆಗೆ ಬಾಯಿ ಒಣಗಿಸಿಕೊಂಡು
(ನೂರಕ್ಕೆ ಐದು. ಇಲ್ಲ, ಎಂಟು. ಹೋಗಲಿ, ಏಳು)
ಖಾಲಿ ಬುಟ್ಟಿ ಮೆಟ್ಟಿಲ ಮೇಲೆ ಕವುಚಿಟ್ಟು
ಕೋಡಿಬಾಗ ರಸ್ತೆಯ ಆ ಅಂಗಡಿಗೆ ನುಗ್ಗುತ್ತೇನೆ.

ಇಲ್ಲಿ ನಾಲಿಗೆಗೆ ರಜೆ.
ಉಗುರು ಕತ್ತರಿ, ಚಹಾ ಸೋಸುವ ಜಾಲರಿ,
ಹತ್ತು ಸಾಬೂನು ಡಬ್ಬಿಯಲ್ಲಿ ಒಂದಕ್ಕೆ ಮಾತ್ರ
ಮುಚ್ಚಳ ಸರಿ ಕೂರುತ್ತದೆ,
ಅದನ್ನು ಹುಡುಕಬೇಕು
ಕಿವಿರು ಎತ್ತಿ ಮೀನು ನೋಡುವ ಹಾಗೆ.

ಫ್ಯಾನಿನ ಕೆಳಗೆ ನಿಂತರೆ ನನ್ನ ವಾಸನೆ ನನಗೇ.
ಗಲ್ಲೆಯ ಹುಡುಗ ಮಾತ್ರ ಮೂಗು ಮುಚ್ಚುವುದಿಲ್ಲ.
ಬಂಗಾಳದವನಂತೆ;
ಅವನಿಗೆ ಬರುವ ಕನ್ನಡ ಒಂದೇ ಅಂಕಿ.
ಒಮ್ಮೆ ತಡೆಯದೆ ಕೇಳಿಬಿಟ್ಟೆ: ನಲವತ್ತಕ್ಕೆ ಕೊಡು ಮಗಾ.
ನಕ್ಕು, ಗೋಡೆಯ ಬೋರ್ಡು ತೋರಿಸಿದ.

ಮೊನ್ನೆ ಅವನೇ ಬಂದ ಮೀನು ಮಾರ್ಕೆಟ್ಟಿಗೆ.
ನೂರಕ್ಕೆ ಐದು ಅಂದೆ, ಜಗಳಕ್ಕೆ ಸೆರಗು ಬಿಗಿದು.
ನೋಟು ಚಾಚಿದ. ಅಷ್ಟೇ.
ನನ್ನ ಬಾಯನ್ನೇ
ಬೋರ್ಡು ಅಂದುಕೊಂಡಿದ್ದ, ಪಾಪ.

ಏನು ಮಾಡಲಿ, ಕೈ ಕೇಳಲಿಲ್ಲ.
ಆರನೆಯದು ಹಾಕಿದೆ.
ಏಳನೆಯದೂ.

ಸಂಜೆ ಚಹಾ ಸೋಸುವಾಗ
ಜಾಲರಿಯ ಹಿಡಿ ಕಳಚಿ ಬಂತು.
ಬಲೆಯ ನೂಲು ಸುತ್ತಿದ್ದೇನೆ,
ಇನ್ನು ವರ್ಷ ಬರುತ್ತದೆ.