ಬಡಿಸುವವಳು

ಅಲಿಚೂರಿನ ದವಾಖಾನೆಗೆ ಇರುವುದು ಒಂದೇ ಗಾಡಿ.
ಗುಳಿಗೆಯ ಹಾಗೆ ಗುಂಡಗಿದೆ ಎಂದು
ಸೋವಿಯತ್ ಕಾಲದಿಂದಲೂ ‘ಗುಳಿಗೆ’ ಎಂದೇ ಹೆಸರು.
ಬೇಕಾದಾಗ ನಾಲ್ಕೂ ಗಾಲಿ ಎಳೆಯಬೇಕು.
ಎಳೆಯುತ್ತಿದ್ದವು ಕೂಡ,
ಸತಾರ್‌ಕುಲ್ ತನ್ನ ಬಲ ಮೊಣಕಾಲನ್ನು
ಲಿವರಿಗೆ ಒತ್ತಿ ಹಿಡಿದಿರುವಷ್ಟು ಹೊತ್ತು.
ಕಾಲು ಸಡಿಲಾದರೆ ಅದು ಕಟಕ್ಕನೆ ಹಾರಿ
ಮುಂದಿನೆರಡು ಗಾಲಿ ಮದುವೆಗೆ ಬಂದ ನೆಂಟರು,
ಜೊತೆಗಿರುತ್ತವೆ, ಕೆಲಸಕ್ಕಿಲ್ಲ.

ಮೂರು ಚಳಿಗಾಲ ಹಾಗೆ.
ಘಾಟಿಯ ನೆತ್ತಿಯಲ್ಲಿ ಒಮ್ಮೆ,
ತುಂಬಿದ ಬಸುರಿ ಬುರುಲ್ ಹಿಂದೆ ಮಲಗಿ
ನನ್ನ ಮುಂಗೈ ಕಚ್ಚುತ್ತಿದ್ದಾಗ
ಅವನ ಮೊಣಕಾಲಿಗೆ ಜೋಮು ಹಿಡಿಯಿತು.
ಅಲ್ಲೇ ಆಯಿತು.
ಲಾಂದ್ರ, ನನ್ನ ಕೋಟು, ಹೆಣ್ಣು ಮಗು.

ಇವತ್ತು ಗಡಿಠಾಣೆಯ ಹಳೇ ಜೀಪಿನ ಹೊಟ್ಟೆಯಿಂದ
ಬಿಚ್ಚಿ ತಂದ ಪೆಟ್ಟಿಗೆ ಹಲಗೆಯ ಮೇಲಿದೆ.
ಎರಡು ಕುರಿ, ಅರ್ಧ ಮೂಟೆ ಹಿಟ್ಟು,
ಮೇಲೆ ಠಾಣೆಯವನ ದವಡೆಹಲ್ಲು ಪುಕ್ಕಟೆ ಕಿತ್ತುಕೊಟ್ಟೆ.
ರಷ್ಯನ್ನರು ಇದನ್ನು ರಜ್ದಾತ್ಕಾ ಎನ್ನುತ್ತಾರೆ,
ಹಂಚುವವಳು.
ಎಂಜಿನ್ನು ಬೇಯಿಸಿದ್ದನ್ನು
ಹಿಂದಕ್ಕಿಷ್ಟು ಮುಂದಕ್ಕಿಷ್ಟು ಬಡಿಸುವವಳು.
ಬಡಿಸುವವಳು ನಮ್ಮವಳಾದರೆ
ಕೊನೆಯ ಸಾಲಿನ ಗಾಲಿಗೂ ಬೆಣ್ಣೆ.

ಸತಾರ್‌ಕುಲ್‌ನ ಕೈ ಈಗೀಗ ನಡುಗುತ್ತದೆ,
ಹಾಗಾಗಿ ಗಾಡಿಯ ಕೆಳಗೆ ನಾನು.
ಬೆನ್ನಡಿ ಕಂಬಳಿ, ಕಂಬಳಿಯಡಿ ಹೆಪ್ಪುಗಟ್ಟಿದ ನೆಲ.
ಬಸಿದದ್ದು ಎಣ್ಣೆಯೇ ಅಲ್ಲ,
ಕಬ್ಬಿಣದ ಪುಡಿ ಮಿನುಗುವ ಬೂದು ಗಂಜಿ.
ಎರಡೂ ಪ್ರೊಪೆಲ್ಲರ್ ಶಾಫ್ಟು ಕಳಚಿ ಪಕ್ಕಕ್ಕೆ.
ಸ್ಪೀಡೋಮೀಟರಿನ ಕೇಬಲ್ಲು ಸತ್ತು ಯಾವ ಕಾಲವಾಯಿತೋ,
ಆದರೂ ಮೆಲ್ಲಗೆ ಬಿಚ್ಚಿದೆ, ಮರ್ಯಾದೆಗೆ.
ತುಕ್ಕು ಹಿಡಿದ ಬೋಲ್ಟಿಗೆ ಸೀಮೆಎಣ್ಣೆ, ಸುತ್ತಿಗೆ, ಬೈಗುಳ.
ಗ್ಯಾಸ್ಕೆಟ್ಟು ಮುರ್ಗಾಬಿನಲ್ಲೂ ಸಿಗಲಿಲ್ಲ.
ಲಸಿಕೆ ಬಂದ ರಟ್ಟನ್ನು
ಗಾಯ ಕೊಯ್ಯುವ ಕತ್ತಿಯಲ್ಲಿ ಕೊಯ್ದು
ಎಣ್ಣೆಯಲ್ಲಿ ನೆನೆಹಾಕಿದ್ದೆ ರಾತ್ರಿಯೇ.

ಹೆರಿಗೆಯ ಹಾಗೇ ಅಲ್ಲವಾ ಜೂರಾ, ಎಂದ ಮೇಲಿಂದ.
ಅಲ್ಲ.
ಮಗುವಿಗೆ ಬರುವ ಮನಸ್ಸಿರುತ್ತದೆ.
ಈ ಕಬ್ಬಿಣಕ್ಕೆ ಏನೂ ಬೇಕಾಗಿಲ್ಲ;
ನಲವತ್ತು ಕಿಲೋ ನನ್ನೆದೆಯ ಮೇಲೆ ಕೂತು
ಸುಮ್ಮನೆ ತಣ್ಣಗಾಗುತ್ತಿರುತ್ತದೆ.
ಹಲ್ಲಿಗೆ ಹಲ್ಲು ಕೂರಬೇಕು. ಕೂರಲೊಲ್ಲದು.
ಇನ್ನೊಂದು ಕೂದಲೆಳೆ ಎತ್ತು ಎಂದೆ.
ಜ್ಯಾಕು ಕಿರುಗುಟ್ಟಿತು.
ಇನ್ನರ್ಧ ಎಂದೆ.
ಕೂತಿತು.

ಬೋಲ್ಟು ಎಣಿಸಿದರೆ ಒಂದು ಕಡಿಮೆ.
ಬೆರಳಿಗೆ ಉಸಿರೂದಿಕೊಳ್ಳುತ್ತ ನೆಲವೆಲ್ಲ ತಡಕಿದೆವು.
ಬುರುಲ್‌ಳ ಮಗಳು, ಈಗ ಎರಡು ವರ್ಷ,
ಮುಷ್ಟಿ ಬೆನ್ನ ಹಿಂದಿಟ್ಟುಕೊಂಡು ನೋಡುತ್ತಿದ್ದಳು.
ಒಂದು ಸಕ್ಕರೆ ಹರಳಿಗೆ ಒಪ್ಪಲಿಲ್ಲ,
ಎರಡಕ್ಕೆ ಒಪ್ಪಿದಳು.

ಕತ್ತಲಿಗೆ ಮುಂಚೆ ಉಪ್ಪುಕೆರೆಯ ಏರಿಗೆ ಹೊರಟೆವು,
ರೋಗಿಯಿಲ್ಲದೆ, ಮೊದಲ ಸಲ.
ಲಿವರು ಮುಂದಕ್ಕೆ. ನಾಲ್ಕೂ ಗಾಲಿ ಜಲ್ಲಿ ಕಚ್ಚಿದವು.
ಕೈ ಬಿಟ್ಟ. ನಿಂತಿತು.
ತುದಿ ಮುಟ್ಟುವವರೆಗೂ ನಿಂತೇ ಇತ್ತು.
ಅವನೇನೂ ಅನ್ನಲಿಲ್ಲ.
ನಾನು ಕೆಳಗೆ ನೋಡಿದೆ.
ಬಲ ಮೊಣಕಾಲು
ಇನ್ನೂ ಒತ್ತಿ ಹಿಡಿದೇ ಇತ್ತು.